356 ವರ್ಷದ ಲೆಕ್ಕ, ಮೂರು ಸೆಕೆಂಡಿನ ಗುಡಿ

ಮಲ್ಲಸಮುದ್ರದಿಂದ ಗದಗ ದಾಟಿ ಹೊಸಪೇಟೆ ರಸ್ತೆ ಹಿಡಿದರೆ ಲಕ್ಕುಂಡಿ ಸಿಗುತ್ತದೆ. ಅಲ್ಲಿನ ಕಾಶಿ ವಿಶ್ವೇಶ್ವರ ಗುಡಿಗೆ ಒಂದು ಸುತ್ತು ಹಾಕುತ್ತ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 30ರಂತೆ 3,600 ಚಿತ್ರಗಳಾದವು. ಬಾಗಿಲವಾಡದ ಬಳ್ಳಿಯ ಸುರುಳಿಯಂಥ ಹಲವು ಗುರುತುಗಳು ಈ ಚಿತ್ರದಲ್ಲಿ ಎಲ್ಲಿವೆ, ಆ ಚಿತ್ರದಲ್ಲಿ ಎಲ್ಲಿವೆ ಎಂದು ಗುರುತಿಸಿಬಿಟ್ಟರೆ ಕ್ಯಾಮೆರಾ ಎತ್ತ ಸರಿಯಿತು, ಸುರುಳಿ ಎಷ್ಟು ಆಳದಲ್ಲಿದೆ ಎಂಬುದನ್ನು ಶಾಲೆಯ ತ್ರಿಕೋನಮಿತಿಯೇ ಹೇಳಿಕೊಡುತ್ತದೆ. ಫೋಟೊಗಳಿಂದ ಗುಡಿಯನ್ನು ಕಂಪ್ಯೂಟರಿನೊಳಗೆ ಮರಳಿ ಕಟ್ಟುವ ವಿದ್ಯೆಯ ಬುಡ ಇದು. ಆದರೆ ಪ್ರತಿ ಚಿತ್ರವನ್ನೂ ಉಳಿದೆಲ್ಲವುಗಳ ಜೊತೆ ತಾಳೆ ನೋಡಲು ಹೊರಟರೆ ಜೋಡಿಗಳು 64,78,200. ಎರಡೇ ನಿಮಿಷದ ವಿಡಿಯೊಕ್ಕೆ!

2009ರಲ್ಲಿ ಅಮೆರಿಕದ ಸಂಶೋಧಕರು ರೋಮ್ ನಗರವನ್ನೇ ಹೀಗೆ ಕಟ್ಟಲು ಕೂತರು. ಪ್ರವಾಸಿಗರು ಇಂಟರ್ನೆಟ್ಟಿಗೆ ಹಾಕಿದ್ದ ಒಂದೂವರೆ ಲಕ್ಷ ಫೋಟೊಗಳೇ ಅವರ ಕಚ್ಚಾ ಮಾಲು. ಜೋಡಿಗಳು 1,124 ಕೋಟಿ 99 ಲಕ್ಷ 25 ಸಾವಿರ. ಸೆಕೆಂಡಿಗೆ ಒಂದು ಜೋಡಿಯಂತೆ ನೋಡುತ್ತ ಹೋದರೆ 356 ವರ್ಷ ಬೇಕು. ಕೆಳದಿ ಚೆನ್ನಮ್ಮ ಪಟ್ಟಕ್ಕೆ ಬರುವ ಮೊದಲೇ ಶುರು ಮಾಡಿದ್ದರೆ ಇತ್ತೀಚೆಗೆ ಮುಗಿಯುತ್ತಿತ್ತು. ಅವರು ಮುಗಿಸಿದ್ದು 21 ತಾಸಿನಲ್ಲಿ. 496 ಪ್ರೊಸೆಸರ್ ಕೋರ್‌ಗಳು ಏಕಕಾಲಕ್ಕೆ ದುಡಿದವು ನಿಜ. ಆದರೆ ದೊಡ್ಡ ಉಳಿತಾಯ ಬಂದದ್ದು ಬೇರೆ ಕಡೆಯಿಂದ. ಚಿತ್ರದ ಸಣ್ಣ ಸಣ್ಣ ವಿನ್ಯಾಸಗಳನ್ನು ಪುಸ್ತಕದ ಕೊನೆಯ ಪದಸೂಚಿಯಂತೆ ಜೋಡಿಸಿಟ್ಟುಕೊಂಡು, ಒಂದಕ್ಕೊಂದು ಹೊಂದುವ ಸಾಧ್ಯತೆ ಇರುವ ಫೋಟೊಗಳನ್ನು ಮಾತ್ರ ಎದುರುಬದುರು ಇಟ್ಟು ನೋಡಿದರು. ಮರುವರ್ಷವೇ ಇನ್ನೊಂದು ತಂಡ ಒಂದೇ ಕಂಪ್ಯೂಟರಿನಲ್ಲಿ 30 ಲಕ್ಷ ಫೋಟೊಗಳನ್ನು ಒಂದು ದಿನದೊಳಗೆ ಅರಗಿಸಿತು. 2015ರಲ್ಲಿ 10 ಕೋಟಿ ಫೋಟೊ, ಆರು ದಿನ, ಆಗಲೂ ಒಂದೇ ಕಂಪ್ಯೂಟರ್. ಅಂದರೆ ಹಗಲು ರಾತ್ರಿ ಬಿಡದೆ ಸೆಕೆಂಡಿಗೆ 190ಕ್ಕೂ ಹೆಚ್ಚು ಫೋಟೊ. ಜೋಡಿಗೊಂದು ಸೆಕೆಂಡಿನ ಹಳೇ ಲೆಕ್ಕದಲ್ಲಿ ಈ ಕೆಲಸ 15 ಕೋಟಿ ವರ್ಷ ಮೀರುತ್ತದೆ. ಡೈನೊಸಾರುಗಳ ಕಾಲಕ್ಕೇ ಕೈ ಹಚ್ಚಬೇಕಿತ್ತು.

ಅಲ್ಲಿಂದ ಮುಂದೆ ಓಟ ಇನ್ನೂ ಬಿರುಸಾಯಿತು. 2020ರ ನರ್ಫ್ ವಿಧಾನ ಇಡೀ ದೃಶ್ಯವನ್ನು 5 ಎಂಬಿಯ ನರಜಾಲದಲ್ಲಿ ಹಿಡಿದಿಟ್ಟಿತು. ಆದರೆ ಒಂದು ಚಿತ್ರ ತೋರಿಸಬೇಕೆಂದರೆ ಆ ಜಾಲವನ್ನು 15ರಿಂದ 20 ಕೋಟಿ ಸಲ ಕೇಳಬೇಕು, ಸುಮಾರು 30 ಸೆಕೆಂಡು ಕಾಯಬೇಕು. ಮೂರೇ ವರ್ಷದಲ್ಲಿ ಫ್ರಾನ್ಸಿನಿಂದ ಗಾಸಿಯನ್ ಸ್ಪ್ಲಾಟಿಂಗ್ ಬಂತು: ಸೆಕೆಂಡಿಗೆ 30ಕ್ಕೂ ಹೆಚ್ಚು ಚಿತ್ರ. ವೇಗ ಏನಿಲ್ಲೆಂದರೂ 900 ಪಟ್ಟು ಏರಿತು.

ಈ ಗಾಸಿಯನ್‌ಗಳನ್ನು ಕೊಂಚ ಹತ್ತಿರದಿಂದ ನೋಡಬೇಕು. ಇವು ಅಂಚು ಮಸುಕಾದ, ಮೊಟ್ಟೆಯಾಕಾರದ ಬಣ್ಣದ ಚುಕ್ಕೆಗಳು. ಒಂದೊಂದಕ್ಕೂ 59 ಸಂಖ್ಯೆ. ಎಲ್ಲಿದೆ, ಎಷ್ಟು ದೊಡ್ಡದು, ಯಾವ ಕಡೆ ವಾಲಿದೆ, ಎಷ್ಟು ಪಾರದರ್ಶಕ ಎಂಬುದಕ್ಕೆಲ್ಲ ಸೇರಿ ಹನ್ನೊಂದೇ ಸಾಕು. ಉಳಿದ 48 ಬಣ್ಣಕ್ಕೆ ಮೀಸಲು, ಏಕೆಂದರೆ ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಲಕ್ಕುಂಡಿಯ ತಿರುಗಣೆ ಕಂಬಗಳ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲನ್ನು ತಿರುಗಿಸಿ ಕಡೆದು, ಉಜ್ಜಿ, ನಯಗೊಳಿಸಿದ ಆ ಬಳೆಗಳ ಮೇಲೆ ನಾವು ಒಂದು ಹೆಜ್ಜೆ ಸರಿದರೆ ಮಿಂಚೂ ಒಂದು ಹೆಜ್ಜೆ ಸರಿಯುತ್ತದೆ. 30 ಲಕ್ಷ ಚುಕ್ಕೆಗಳ ಗುಡಿ ಎಂದರೆ 17 ಕೋಟಿ 70 ಲಕ್ಷ ಸಂಖ್ಯೆಗಳು. ಅದರಲ್ಲಿ 14 ಕೋಟಿ 40 ಲಕ್ಷ ಬರೀ ಬಣ್ಣ ಮತ್ತು ಹೊಳಪಿನ ಪಾಲು! ಹನ್ನೊಂದನೇ ಶತಮಾನದ ಕಲ್ಲುಕುಟಿಗರ ಕೈ ಕೊಟ್ಟ ಮೆರುಗನ್ನು ಹಿಡಿಯಲು ಇಷ್ಟು ಬೇಕಾಗುತ್ತದೆ.

2025ರಲ್ಲಿ ಆಕ್ಸ್‌ಫರ್ಡ್ ಮತ್ತು ಮೆಟಾದವರ ವಿಜಿಜಿಟಿ ಮಾದರಿ ಜೋಡಿ ನೋಡುವ ಗೊಡವೆಯನ್ನೇ ಬಿಟ್ಟಿತು. ನೂರು ಫೋಟೊ ಒಟ್ಟಿಗೆ ಸುರಿದರೆ ಶಕ್ತಿಶಾಲಿ ಜಿಪಿಯು ಒಂದರಲ್ಲಿ ಮೂರು ಸೆಕೆಂಡು ಚಿಲ್ಲರೆಗೆ ಕ್ಯಾಮೆರಾಗಳ ಜಾಗ, ಆಳ, ಆಕಾರ ಎಲ್ಲ ಸಿದ್ಧ.

ನಮ್ಮ ಸೀಮೆಯವರೂ ಈ ಕೆಲಸಕ್ಕೆ ಹೊಸಬರಲ್ಲ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆ ಹಂಪಿಯನ್ನು ಕೈಗೆತ್ತಿಕೊಂಡಾಗ ಹುಬ್ಬಳ್ಳಿಯ ಬಿವಿಬಿ ಕಾಲೇಜಿನ, ಅಂದರೆ ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ, ಉಮಾ ಮುದೇನಗುಡಿ ಅವರ ತಂಡ ಅದರಲ್ಲಿ ದುಡಿಯಿತು. ಗುಡಿಯನ್ನು ಮೂರು ಆಯಾಮದಲ್ಲಿ ಕಟ್ಟುವುದು ಹೇಗೆ, ಭಗ್ನಗೊಂಡ ಶಿಲ್ಪದ ಇಲ್ಲದ ಭಾಗವನ್ನು ಮಾದರಿಯಲ್ಲಿ ತುಂಬುವುದು ಹೇಗೆ ಎಂಬಂಥ ಪ್ರಶ್ನೆಗಳು ಅವರವು. ಗದಗಿಗೆ ಹುಬ್ಬಳ್ಳಿ ಎಷ್ಟು ದೂರ? ಆ ವಿದ್ಯೆ ಲಕ್ಕುಂಡಿಯ ಒಂದೊಂದು ಗುಡಿ, ಒಂದೊಂದು ಬಾವಿಗೂ ಬರಬೇಕೆಂಬುದು ನನ್ನ ಗಟ್ಟಿ ಆಸೆ.

ಇಷ್ಟೆಲ್ಲ ಕಟ್ಟಬಲ್ಲ ಯಂತ್ರಲೋಕ ಎಡವುವ ಜಾಗ ಕೇಳಿದರೆ ಬೆರಗು ಇಮ್ಮಡಿಯಾಗುತ್ತದೆ. ಚಿತ್ರ ನೋಡಿ ಮಾತಾಡುವ ಮಾದರಿಗಳಿಗೆಂದು 2024ರಲ್ಲಿ ಬ್ಲಿಂಕ್ ಎಂಬ ಪರೀಕ್ಷೆ ಇಟ್ಟರು. 14 ಬಗೆ, 3,807 ಪ್ರಶ್ನೆ. ಫೋಟೊದಲ್ಲಿ ಎರಡು ಗುರುತು ಹಾಕಿ, ಕ್ಯಾಮೆರಾಕ್ಕೆ ಹತ್ತಿರ ಯಾವುದು ಎಂದು ಕೇಳುವಂಥವು. ಮನುಷ್ಯರಿಗೆ 95.70 ಅಂಕ. ಜಿಪಿಟಿ-4ವಿಗೆ 51.26, ಜೆಮಿನಿಗೆ 45.72. ಕಣ್ಣು ಮುಚ್ಚಿ ಉತ್ತರಕ್ಕೆ ಬೆರಳಿಟ್ಟರೂ ಸರಾಸರಿ 38 ಬರುತ್ತಿತ್ತು. ಇವು ಕಲಿತದ್ದು ಹೆಚ್ಚಾಗಿ ಫೋಟೊ ಮತ್ತು ಅದರ ಅಡಿಬರಹಗಳಿಂದ. "ಎಡಗಡೆಯ ಕಂಬ ಮುಂದಿದೆ, ಬಲಗಡೆಯದು ಹಿಂದಿದೆ" ಎಂದು ಅಡಿಬರಹ ಬರೆಯುವವರು ಯಾರು? ಕಣ್ಣಿಗೆ ಕಂಡದ್ದನ್ನು ನಾವು ಬರೆಯಲಿಲ್ಲ, ಅವು ಕಲಿಯಲಿಲ್ಲ. ಮುಂದೆ ಬಂದ ವಿಎಸ್‌ಐ-ಬೆಂಚ್ ಎಂಬ ಪರೀಕ್ಷೆಯಲ್ಲಿ 288 ವಿಡಿಯೊ, 5,000ಕ್ಕೂ ಹೆಚ್ಚು ಪ್ರಶ್ನೆ. ಅಲ್ಲಿ ಕೋಣೆಯ ನಕ್ಷೆಯನ್ನು ಮೊದಲು ಬರೆಸಿಕೊಂಡು ಆಮೇಲೆ ದೂರ ಕೇಳಿದಾಗ ಉತ್ತರಗಳು ಸುಧಾರಿಸಿದವು. ಕಟ್ಟುವ ವಿದ್ಯೆ, ತಿಳಿಯುವ ವಿದ್ಯೆ ಎರಡೂ ಕೈ ಜೋಡಿಸುವ ಜಾಗ ಇದೇ ಎಂದು ನನಗೆ ಅನಿಸುತ್ತದೆ.

ಅದಕ್ಕೆ ಲಕ್ಕುಂಡಿಗಿಂತ ಗಟ್ಟಿ ಪರೀಕ್ಷಾ ಕೊಠಡಿ ಬೇಕೆ? ಒಂದನ್ನೊಂದು ಹೋಲುವ ನುಣುಪು ಕಂಬಗಳನ್ನು ತಂತ್ರಾಂಶ ಸುಲಭವಾಗಿ ಒಂದೇ ಕಂಬವೆಂದು ಬಗೆದು, ಅದರ ಮೇಲೆ ತಪ್ಪು ಮಂಟಪ ಕಟ್ಟಿಬಿಡಬಲ್ಲದು. ಕಾಶಿ ವಿಶ್ವೇಶ್ವರದಲ್ಲಂತೂ ಎರಡು ಗರ್ಭಗುಡಿಗಳು ಮುಖಾಮುಖಿ ನಿಂತಿವೆ: ದೊಡ್ಡದು ಶಿವನದು, ಚಿಕ್ಕದು ಸೂರ್ಯನದು. ಎರಡು ನಿಮಿಷದ ಆ ವಿಡಿಯೊ ತೋರಿಸಿ ಯಾವ ಮಾದರಿಗಾದರೂ ಕೇಳಬಹುದು: ಸೂರ್ಯನ ಬಾಗಿಲಲ್ಲಿ ನಿಂತರೆ ಶಿವ ಎಷ್ಟು ಹೆಜ್ಜೆ ದೂರ, ನಡುವೆ ಬಲಕ್ಕೆ ಸಿಗುವ ಕಂಬಗಳೆಷ್ಟು?