ನೀರುಮೊಲದ ಲೆಕ್ಕ

ಪೋಕೆಮಾನ್ ಗೋ ಆಟದಲ್ಲಿ ಅಜುಮರಿಲ್ ಎಂಬ ನೀಲಿ ನೀರುಮೊಲವಿದೆ. ನೋಡಲು ಮುದ್ದು, ಹೊಡೆತದಲ್ಲಿ ಅಂಥ ಜೋರೇನಿಲ್ಲ. 2018ರ ಡಿಸೆಂಬರಿನಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ತಮ್ಮ ಪ್ರಾಣಿಗಳನ್ನು ಕಾದಾಡಿಸುವ ಸೌಲಭ್ಯ ಬಂದಾಗ ಇದು ಗ್ರೇಟ್ ಲೀಗ್ ಎಂಬ ವಿಭಾಗದ ಮುಂಚೂಣಿಗೆ ಬಂತು. ಅದಕ್ಕಿಂತ ವಿಚಿತ್ರವೆಂದರೆ, ದಾಳಿಯ ಅಂಕ ಕಡಿಮೆಯಿದ್ದ ಮೊಲಗಳಿಗೇ ಬೇಡಿಕೆ ಏರಿತು. ಸುಮಾರು ಎರಡು ವರ್ಷದಿಂದ ಕಸವೆಂದು ಆಟದೊಳಗಿನ ಪ್ರೊಫೆಸರನಿಗೆ ಸಾಗಹಾಕಿ ಒಂದೊಂದು ಕ್ಯಾಂಡಿ ಗಿಟ್ಟಿಸುತ್ತಿದ್ದ ಸರಕು ಅದು.

ಆಟ 2016ರ ಜುಲೈಯಲ್ಲಿ ಶುರುವಾದಾಗ ಪರದೆಯ ಮೇಲೆ ಕಾಣುತ್ತಿದ್ದದ್ದು ಮುಖ್ಯವಾಗಿ ಎರಡು ಸಂಖ್ಯೆ: ತಲೆಯ ಮೇಲೆ ಸಿಪಿ ಎಂಬ ಕಾದಾಟಬಲದ ಅಂಕ, ಕೆಳಗೆ ಜೀವಬಲ. ಒಂದೇ ಜಾತಿಯ, ಒಂದೇ ಲೆವೆಲ್ಲಿನ ಎರಡು ಪ್ರಾಣಿಗಳ ಸಿಪಿ ಬೇರೆ ಬೇರೆ ಇರುವುದನ್ನು ಕಂಡವರಿಗೆ ಒಳಗೆ ಇನ್ನೇನೋ ಅಡಗಿದೆ ಎಂದು ಗೊತ್ತಾಗಲು ತಡವಾಗಲಿಲ್ಲ. ಹಳೆಯ ಆಟಗಾರರಿಗಂತೂ ಗುಮಾನಿ ಮೊದಲೇ ಇತ್ತು. 1996ರಲ್ಲಿ ಜಪಾನಿನಲ್ಲಿ ಬಂದ ಗೇಮ್ ಬಾಯ್ ಆವೃತ್ತಿಯಲ್ಲೇ ಪ್ರತಿ ಪ್ರಾಣಿಗೂ 0ರಿಂದ 15ರವರೆಗಿನ ಗುಪ್ತ ಅಂಕಗಳಿದ್ದವು. ಜಾಗ ಎಷ್ಟು ಬಿಗಿಯಾಗಿತ್ತೆಂದರೆ ಜೀವಬಲದ ಅಂಕವನ್ನು ಬೇರೆಯಾಗಿ ಉಳಿಸುತ್ತಲೇ ಇರಲಿಲ್ಲ. ಮಿಕ್ಕ ನಾಲ್ಕು ಅಂಕಗಳು ಬೆಸವೋ ಸಮವೋ ಎಂದು ನೋಡಿ ಅದನ್ನು ಕಟ್ಟಿಕೊಳ್ಳುತ್ತಿದ್ದರು. ಆ 15ರ ಮಿತಿ ಇಪ್ಪತ್ತು ವರ್ಷದ ಮೇಲೆ ಫೋನಿನ ಆಟಕ್ಕೂ ಬಂದು ಕೂತಿತ್ತು. ದಾಳಿಗೆ ಒಂದು, ರಕ್ಷಣೆಗೆ ಒಂದು, ಜೀವಬಲವನ್ನು ನಿರ್ಧರಿಸುವ ತ್ರಾಣಕ್ಕೆ ಒಂದು ಅಂಕ. ಮೂರೂ ಸೇರಿ 4,096 ಜೋಡಣೆ. ಆಟಗಾರರು ಇವನ್ನು ಐವಿ ಎನ್ನುತ್ತಾರೆ.

ಗುಪ್ತ ಅಂಕವನ್ನು ಹೊರಗಿನಿಂದಲೇ ಕಂಡುಹಿಡಿದ ಬಗೆ ನನಗೆ ಇಡೀ ಕತೆಯ ಅತ್ಯಂತ ಸೊಗಸಾದ ಭಾಗ. ಪ್ರಾಣಿಯನ್ನು ಬಲಪಡಿಸಲು ಸ್ಟಾರ್‌ಡಸ್ಟ್ ತೆರಬೇಕು. ದರ 2,500 ಎಂದು ತೋರಿಸಿದರೆ ಲೆವೆಲ್ 19, 19.5, 20, 20.5 ಇವುಗಳಲ್ಲೊಂದು ಎಂದಾಯಿತು. ಈ ನಾಲ್ಕಕ್ಕೂ ಎಲ್ಲ ಐವಿಗಳನ್ನು ಹಾಕಿ, ತೆರೆಯ ಮೇಲಿನ ಸಿಪಿಗೂ ಜೀವಬಲಕ್ಕೂ ಹೊಂದದ್ದನ್ನೆಲ್ಲ ಹೊಡೆದುಹಾಕುತ್ತ ಹೋಗುವುದು. ಕೊನೆಗೆ ಕೆಲವೇ ಉಳಿಯುತ್ತವೆ. ಒಮ್ಮೆ ಬಲಪಡಿಸಿ ಮತ್ತೆ ಲೆಕ್ಕ ಹಾಕಿದರೆ ಇನ್ನಷ್ಟು ಉದುರುತ್ತವೆ. ಇದಕ್ಕೆ ಬೇಕಾದ, ಐವಿ ಕೂಡುವ ಮೊದಲಿನ ಜಾತಿವಾರು ಮೂಲ ಅಂಕಗಳು ಗೇಮ್ ಮಾಸ್ಟರ್ ಎಂಬ ಕಡತದಲ್ಲಿದ್ದವು. ಆಟದ ದತ್ತಾಂಶವನ್ನು ಬಿಚ್ಚಿ ನೋಡಬಲ್ಲವರು ಅದನ್ನು ಹೊರಗೆಳೆದಿದ್ದರು. 2016ರ ಆಗಸ್ಟಿನಲ್ಲಿ ಆಟದ ಕಂಪನಿಯೇ ಆಟದೊಳಗಿನ ತಂಡನಾಯಕರ ಬಾಯಲ್ಲಿ ಸುತ್ತುಬಳಸಿ ಸುಳಿವು ಕೊಡಿಸತೊಡಗಿತು. ಮೂರು ಐವಿಗಳನ್ನು ಪಟ್ಟಿಗಳಾಗಿ ನೇರವಾಗಿ ತೋರಿಸಲು ಮಾತ್ರ 2019 ಬರಬೇಕಾಯಿತು.

ಸಿಪಿಯ ಸೂತ್ರ ಹೀಗಿದೆ: ದಾಳಿ, ರಕ್ಷಣೆಯ ವರ್ಗಮೂಲ, ತ್ರಾಣದ ವರ್ಗಮೂಲ ಇವುಗಳ ಗುಣಲಬ್ಧವನ್ನು ಲೆವೆಲ್ಲಿನ ಗುಣಕದ ವರ್ಗದಿಂದ ಗುಣಿಸಿ 10ರಿಂದ ಭಾಗಿಸುವುದು. ದಾಳಿಗೆ ಪೂರಾ ತೂಕ, ಮಿಕ್ಕೆರಡಕ್ಕೆ ವರ್ಗಮೂಲದ ತೂಕ. ಸಿಪಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಆಟದ ಆಗಿನ ತಯಾರಕರಾದ ನಿಯಾಂಟಿಕ್ ಸುಮ್ಮನೆ ಕೂತಿರಲಿಲ್ಲ. 2016ರ ನವೆಂಬರಿನಲ್ಲಿ ಪ್ರಾಣಿಗಳ ಮೂಲ ಅಂಕಗಳನ್ನೇ ಹೊಸದಾಗಿ ಕಟ್ಟಿದರು. ಅಲಕಜಾಮ್, ರೈಡಾನ್, ಗೆಂಗಾರ್ ಮೇಲೆದ್ದವು. (ಭಾರತಕ್ಕೆ ಜಿಯೋ ಜೊತೆಗೂಡಿ ಆಟ ಬಂದದ್ದು ಆ ಡಿಸೆಂಬರಿನಲ್ಲಿ. ಹಾಗಾಗಿ ಅಧಿಕೃತವಾಗಿ ಕಾದು ಆಡಿದ ನಮ್ಮವರಿಗೆ ಹಳೆಯ ಅಂಕಗಳ ಪರಿಚಯವೇ ಇಲ್ಲ.) 2018ರ ಅಕ್ಟೋಬರಿನ ತಿದ್ದುಪಡಿ ಇನ್ನೂ ದೊಡ್ಡದು. ಮೊದಲು ತ್ರಾಣವೆಂದರೆ ಮೂಲ ಆಟದ ಜೀವಬಲದ ಇಮ್ಮಡಿ; ಈಗ 1.75 ಪಟ್ಟಿಗೆ 50 ಸೇರಿಸಿದ್ದು. ಇದರಿಂದ ಒಂದೇಟಿಗೆ ಉರುಳುತ್ತಿದ್ದ ಡಿಗ್ಲೆಟ್‌ನ ತ್ರಾಣ 20ರಿಂದ 67ಕ್ಕೆ ಏರಿತು. ಎಷ್ಟು ಬಡಿದರೂ ಬೀಳದೆ ಜಿಮ್ಮುಗಳಲ್ಲಿ ಎದುರಾಳಿಗಳ ಗಡಿಯಾರ ತಿನ್ನುತ್ತಿದ್ದ ಬ್ಲಿಸಿಯದು 510ರಿಂದ 496ಕ್ಕೆ ಇಳಿಯಿತು. ದುರ್ಬಲರಿಗೆ ಊರುಗೋಲು ಸಿಕ್ಕಿತು, ಬಲಿಷ್ಠರಿಗೆ ಮಾತ್ರ ಅಂಥ ಏಟೇನೂ ಬೀಳಲಿಲ್ಲ.

ಇಷ್ಟೆಲ್ಲ ತಿದ್ದಿದವರು ಸಿಪಿಯ ಸೂತ್ರವನ್ನು ಮುಟ್ಟಲಿಲ್ಲ. ಎರಡೇ ತಿಂಗಳಲ್ಲಿ ಅದೇ ಸಿಪಿಯನ್ನು ಕಾಳಗದ ಮಿತಿಯಾಗಿ ಇಟ್ಟರು: ಗ್ರೇಟ್ ಲೀಗಿಗೆ 1,500, ಅಲ್ಟ್ರಾ ಲೀಗಿಗೆ 2,500.

ಲೆಕ್ಕಿಗರು ಹಿಡಿದದ್ದು ಇದನ್ನು. ಮಿತಿ ಸಿಪಿಗೆ, ಕಾದಾಟ ಮಾತ್ರ ಅಂಕಗಳಿಂದ. ಸಿಪಿ ಸಮನಾಗಿರುವಾಗ ದಾಳಿ, ರಕ್ಷಣೆ, ತ್ರಾಣ ಮೂರನ್ನೂ ಗುಣಿಸಿ ಬರುವ ಗುಣಲಬ್ಧ ದಾಳಿಗೆ ವಿಲೋಮವಾಗಿರುತ್ತದೆ. ಸೂತ್ರವನ್ನು ವರ್ಗ ಮಾಡಿ ನೋಡಿದರೆ ಸಾಕು, ಹೈಸ್ಕೂಲು ಬೀಜಗಣಿತ. ದಾಳಿ ತಗ್ಗಿದಷ್ಟೂ ಅದೇ ಸಿಪಿಯಲ್ಲಿ ಹೆಚ್ಚು ಸರಕು ತುಂಬಬಹುದು.

ನೀರುಮೊಲದ ಮೇಲೆ ಹಾಕಿ ನೋಡಿ. ಅದರ ಮೂಲ ಅಂಕ 112, 152, 225. ಮೂರೂ 15 ಇರುವ ಪರ್ಫೆಕ್ಟ್ ಮೊಲ ಲೆವೆಲ್ 36ರಲ್ಲೇ 1,497 ಮುಟ್ಟಿ ನಿಲ್ಲುತ್ತದೆ. ಇನ್ನರ್ಧ ಲೆವೆಲ್ ಏರಿಸಿದರೆ ಲೀಗಿನಿಂದ ಹೊರಕ್ಕೆ. ದಾಳಿ 8, ಮಿಕ್ಕೆರಡು 15 ಇರುವ ಮೊಲ ಆಗಿನ ಗರಿಷ್ಠ ಲೆವೆಲ್ 40ರವರೆಗೂ ಹೋಗಿ ಸರಿಯಾಗಿ 1,500ರಲ್ಲಿ ಕೂರುತ್ತದೆ. ಐವಿ ಕೂಡಿ, ಲೆವೆಲ್ಲಿನ ಗುಣಕದಿಂದ ಗುಣಿಸಿ ಕಣಕ್ಕಿಳಿದಾಗ ಪರ್ಫೆಕ್ಟ್ ಮೊಲದ ದಾಳಿ 97.5, ರಕ್ಷಣೆ 128.2, ಜೀವಬಲ 184. ಇನ್ನೊಂದರದು 94.8, 132, 189. ಒಟ್ಟು ಗುಣಲಬ್ಧದಲ್ಲಿ ಸುಮಾರು ಶೇ 3ರ ಲಾಭ. ಕೇಳಲು ಚಿಲ್ಲರೆ. ಆದರೆ ಕೊನೆಯ ಚಾರ್ಜ್ ದಾಳಿಗೆ ಶಕ್ತಿ ಕೂಡಿಸಿಕೊಳ್ಳುವವರೆಗೆ ಉಸಿರು ಹಿಡಿದಿರಲು ಆ ಐದು ಜೀವಬಲ ಎಷ್ಟೋ ಪಂದ್ಯಗಳಲ್ಲಿ ಸಾಕಾಗುತ್ತದೆ. ಮುಂದೆ 2020ರ ಕೊನೆಗೆ ಲೆವೆಲ್ 50ರವರೆಗೆ ಏರುವ ದಾರಿ ತೆರೆದಾಗ ಇನ್ನೂ ಕಡಿಮೆ ದಾಳಿಯ ಮೊಲಗಳೂ ಪೈಪೋಟಿಗೆ ಬಂದವು.

ಹಾಗೆಂದು ದಾಳಿ ಸೊನ್ನೆಯೇ ಎಲ್ಲೆಡೆ ಮೇಲು ಎಂದು ಹೊರಟವರು ಪೆಟ್ಟು ತಿಂದದ್ದೂ ಉಂಟು. ಹೊಡೆತದ ಲೆಕ್ಕದಲ್ಲಿ ಆಟ ದಶಾಂಶವನ್ನು ಕತ್ತರಿಸಿ ಒಂದು ಕೂಡಿಸುತ್ತದೆ. 3.98 ಬಂದರೆ ಪೆಟ್ಟು 4, 4.01 ಬಂದರೆ 5. ದಾಳಿಯ ಒಂದು ಚೂರು ಹೆಚ್ಚಳ ಪ್ರತಿ ಹೊಡೆತಕ್ಕೂ ಕಾಲು ಭಾಗ ಬಲ ಕೂಡಿಸಿಬಿಡಬಹುದು. ಜೊತೆಗೆ, ಇಬ್ಬರೂ ಒಂದೇ ಕ್ಷಣದಲ್ಲಿ ಚಾರ್ಜ್ ದಾಳಿ ಒತ್ತಿದರೆ ದಾಳಿಯ ಅಂಕ ಹೆಚ್ಚಿದ್ದವನದೇ ಮೊದಲು ಹೊರಡುವುದು. ಮೊಲಕ್ಕೆ ಮೊಲ ಎದುರಾದಾಗ ಇದೇ ನಿರ್ಣಾಯಕ. ಹೀಗಾಗಿ ನುರಿತವರು ಯಾವ ಎದುರಾಳಿಗೆ ಎಷ್ಟು ದಾಳಿ ಸಾಕು ಎಂದು ಮೊದಲು ಗೊತ್ತು ಮಾಡಿಕೊಂಡು, ಉಳಿದದ್ದನ್ನು ರಕ್ಷಣೆಗೂ ತ್ರಾಣಕ್ಕೂ ಹಂಚುತ್ತಾರೆ.

ರೇಡ್ ಎಂಬ ಗುಂಪು ಕಾಳಗದಲ್ಲಿ ಹಿಡಿದವಕ್ಕೂ ಮೊಟ್ಟೆಯೊಡೆದು ಬಂದವಕ್ಕೂ ಪ್ರತಿ ಅಂಕ ಕನಿಷ್ಠ 10 ಇರುವುದರಿಂದ ಕಡಿಮೆ ದಾಳಿಯ ಬೇಟೆಗೆ ಅವು ಉಪಯೋಗಕ್ಕಿಲ್ಲ. ಕಾಡಿನವೇ ಬೇಕು, ಇಲ್ಲವೇ ವಿನಿಮಯ. ವಿನಿಮಯ ಮಾಡಿದರೆ ಅಂಕಗಳು ಹೊಸದಾಗಿ ಬೀಳುತ್ತವೆ, ಆದರೆ ಗೆಳೆತನ ಗಟ್ಟಿಯಾದಷ್ಟೂ ಕನಿಷ್ಠ ಅಂಕ ಏರುತ್ತದೆ: ಮೊದಲ ಹಂತದ ಗೆಳೆಯನಾದರೆ 1, ಪರಮಾಪ್ತನಾದರೆ 5. ತಿಂಗಳುಗಟ್ಟಲೆ ಉಡುಗೊರೆ ಕಳಿಸಿ ಬೆಳೆಸಿದ ಸ್ನೇಹಕ್ಕೆ ಸಲ್ಲಲಿ ಎಂದು ಕಂಪನಿ ಇಟ್ಟ ಬಹುಮಾನವದು. ಕಡಿಮೆ ದಾಳಿಯ ಮೊಲ ಬೇಕಾದವರು ಈಗ ಆಪ್ತರನ್ನು ಬಿಟ್ಟು ನಿನ್ನೆ ಮೊನ್ನೆ ಪರಿಚಯವಾದವರ ಹತ್ತಿರ ವಿನಿಮಯಕ್ಕೆ ಹೋಗುತ್ತಾರೆ.