ಯಹೂದಿ ಸಮುದಾಯದ ಆಟಿಕೆ ಇಟ್ಟಿಗೆ ಸ್ಕ್ರ್ಯಾಪ್‌ಬುಕ್

ಯಹೂದಿ ಸಮುದಾಯದ ಸಮಾರಂಭಗಳಲ್ಲಿ ಮಕ್ಕಳು ಲೆಗೋ ಮೊದಲಾದ ಆಟಿಕೆ ಇಟ್ಟಿಗೆಗಳಿಂದ ಕಟ್ಟಿದ ಮಾದರಿಗಳ ಛಾಯಾಚಿತ್ರ, ರೇಖಾಚಿತ್ರ ಹಾಗೂ ಟಿಪ್ಪಣಿಗಳನ್ನು ಹಾಳೆಗಳಿಗೆ ಅಂಟಿಸಿ ಸಿದ್ಧಪಡಿಸುವ ಪುಸ್ತಕವಿದು. ಅಮೆರಿಕದ ಸಿನಗಾಗ್‌ಗಳಲ್ಲಿಯೂ ಯಹೂದಿ ಸಮುದಾಯ ಕೇಂದ್ರಗಳಲ್ಲಿಯೂ ಇಂತಹ ಸಮಾರಂಭಗಳು ನಡೆಯುತ್ತವೆ. ಆಯೋಜಕರು ತಂದ ಇಟ್ಟಿಗೆಗಳಾದರೆ ದಿನದ ಕೊನೆಗೆ ಅವು ಬಿಡಿಬಿಡಿಯಾಗಿ ಪೆಟ್ಟಿಗೆ ಸೇರುತ್ತವೆ. ಮಗುವಿನ ಪಾಲಿಗೆ ಉಳಿಯುವುದು ಪುಸ್ತಕವೊಂದೇ.

ರಚನೆಗಳು

ಡೆನ್ಮಾರ್ಕಿನ ಬಿಲುಂಡ್‌ನಲ್ಲಿ 1932ರಲ್ಲಿ ಆರಂಭವಾದ ಲೆಗೋ ಸಂಸ್ಥೆಯು ಇಂದಿನ ಸ್ವರೂಪದ ಇಟ್ಟಿಗೆಗೆ 1958ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿತು. ಸಮಾರಂಭಗಳಲ್ಲಿ ಮಕ್ಕಳು ನೋಹನ ನಾವೆ, ಹನುಕ್ಕಾ ಹಬ್ಬದ ಒಂಬತ್ತು ದೀಪಗಳ ಕಂಬ, ಸುಕ್ಕೋತ್ ಹಬ್ಬದ ಗುಡಿಸಲು ಮುಂತಾದವನ್ನು ಕಟ್ಟುತ್ತಾರೆ. ಗುಡಿಸಲಿನ ಮಾಡು ಸೊಪ್ಪುಸದೆಯದಾಗಿದ್ದು, ಅದರ ಸಂದಿನಿಂದ ನಕ್ಷತ್ರಗಳು ಕಾಣುವಂತಿರಬೇಕೆಂಬುದು ಸಂಪ್ರದಾಯ. ಆದ್ದರಿಂದ ಇಟ್ಟಿಗೆಯ ಮಾದರಿಯಲ್ಲಿಯೂ ಮೇಲ್ಭಾಗವನ್ನು ಪೂರ್ತಿ ಮುಚ್ಚುವಂತಿಲ್ಲ. ಹೆಚ್ಚು ಕೈಗಳು ಬೇಕಾಗುವುದು ಜೆರುಸಲೇಮಿನ ಹಳೆಯ ನಗರಕ್ಕೆ. ಆಟೋಮನ್ ಸುಲ್ತಾನ ಸುಲೇಮಾನನ ಕಾಲದಲ್ಲಿ, 16ನೆಯ ಶತಮಾನದಲ್ಲಿ ಕಟ್ಟಿದ ಅದರ ಕೋಟೆಗೆ ಎಂಟು ಪ್ರಮುಖ ದ್ವಾರಗಳಿದ್ದು, ಸುವರ್ಣದ್ವಾರವೊಂದು ಮಾತ್ರ ಮುಚ್ಚಿದೆ. ಆ ಒಂದು ದ್ವಾರವೇಕೆ ಮುಚ್ಚಿದೆ ಎಂದು ಮಗು ಕೇಳಿದರೆ, ಪುಟದ ಟಿಪ್ಪಣಿಗೆ ಅದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ.

ಶಬ್ಬಾತ್ ನಿಯಮ

ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿದಿನ ಶಬ್ಬಾತ್. ಅಂದು ವರ್ಜ್ಯವಾದ 39 ಬಗೆಯ ಕೆಲಸಗಳನ್ನು ಮಿಷ್ನಾ ಗ್ರಂಥವು ಪಟ್ಟಿಮಾಡುತ್ತದೆ. ಕಟ್ಟುವುದು, ಬರೆಯುವುದು, ಕತ್ತರಿಸುವುದು ಅವುಗಳಲ್ಲಿ ಸೇರಿವೆ. ಅಂಟಿಸುವುದನ್ನು ಹೊಲಿಗೆಯ ವರ್ಗಕ್ಕೆ ಸೇರಿಸುತ್ತಾರೆ. ಮಕ್ಕಳ ಇಟ್ಟಿಗೆಯಾಟ ತಾತ್ಕಾಲಿಕ ರಚನೆಯಾದುದರಿಂದ ಅದಕ್ಕೆ ಅಡ್ಡಿಯಿಲ್ಲವೆಂದು ಕೆಲವು ಧರ್ಮಪಂಡಿತರು, ಬಿಗಿಯಾಗಿ ಕೂಡುವುದರಿಂದ ಸಲ್ಲದೆಂದು ಇನ್ನು ಕೆಲವರು ಹೇಳುತ್ತಾರೆ. ಆದರೆ ಛಾಯಾಚಿತ್ರ ಮತ್ತು ಪುಸ್ತಕದ ಕೆಲಸವನ್ನು ನಿಷ್ಠಾವಂತರು ಅಂದು ಮಾಡುವುದೇ ಇಲ್ಲ. ಹೀಗಾಗಿ ಈ ಚಟುವಟಿಕೆಗೆ ಭಾನುವಾರವೇ ಅನುಕೂಲ.

ತಯಾರಿ ಮತ್ತು ಸಂರಕ್ಷಣೆ

ಪೂರ್ಣಗೊಂಡ ಮಾದರಿಯ ಚಿತ್ರವೊಂದೇ ಸಾಲದು. ತಳಪಾಯ, ಅರ್ಧ ಕಟ್ಟಿದ ಗೋಡೆ, ಮೇಲಿನ ನೋಟ, ಪಕ್ಕದ ನೋಟ ಇವುಗಳೂ ಇದ್ದು, ಬಳಸಿದ ಇಟ್ಟಿಗೆಗಳ ಬಣ್ಣ ಹಾಗೂ ಎಣಿಕೆ ಬರೆದಿದ್ದರೆ ಮಗು ಮನೆಯಲ್ಲಿ ಅದನ್ನು ಮತ್ತೆ ಕಟ್ಟಬಹುದು. ಟಿಪ್ಪಣಿಯನ್ನು ಮಗುವೇ ಬರೆಯಬೇಕು. ಹಿರಿಯರು ತಿದ್ದಿ ಅಂದಗೊಳಿಸಿದ ಬರಹಕ್ಕೆ ದಾಖಲೆಯ ಬೆಲೆ ಕಡಿಮೆ. ಆಮ್ಲರಹಿತ ಕಾಗದವು ಬೇಗ ಹಳದಿಯಾಗುವುದಿಲ್ಲ. ಪಿವಿಸಿ ಹಾಳೆಯ ಚೀಲಗಳು ಚಿತ್ರಗಳನ್ನು ಕೆಡಿಸುತ್ತವೆ. ಬೇರೆ ಮಕ್ಕಳ ಚಿತ್ರಗಳನ್ನು ಸೇರಿಸಲು ಅವರ ಪೋಷಕರ ಒಪ್ಪಿಗೆ ಅಗತ್ಯ.

ಹೀಬ್ರೂ ಭಾಷೆಯಲ್ಲಿ ದೇವರ ಪವಿತ್ರನಾಮ ಬರೆದಿರುವ ಪುಟವು ಹರಿದರೂ ಅದನ್ನು ಕಸಕ್ಕೆ ಎಸೆಯುವಂತಿಲ್ಲ. ಅಂತಹ ಕಾಗದಗಳನ್ನು ಗೆನಿಜಾ ಎಂಬ ಸಂಗ್ರಹಸ್ಥಳದಲ್ಲಿರಿಸಿ ಬಳಿಕ ಹೂಳುವುದು ವಾಡಿಕೆ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಅವರ ಪತ್ರಗಳು ದೊರೆತುದು ಕೈರೋದ ಇಂತಹ ಗೆನಿಜಾದಲ್ಲಿಯೇ.