ಬೀಡಿ, ಸಿಗರೇಟು ಬಿಡುವ ಮುನ್ನ



ಕೊಳೆಮದ್ದನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕೆಂಬುದು ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಮೈಲುತುತ್ತ, ಸುಣ್ಣ, ಮರ ಹತ್ತುವ ಆಳು, ಎಲ್ಲವನ್ನೂ ಮುಂಚಿತವಾಗಿ ಗೊತ್ತುಮಾಡಿಕೊಂಡವನ ಫಸಲು ಉಳಿಯುತ್ತದೆ. ಧೂಮಪಾನ ಬಿಡುವುದಕ್ಕೂ ಇಂತಹದೇ ಪೂರ್ವಸಿದ್ಧತೆ ಬೇಕು. ರಾತ್ರಿ ಆಣೆ ಮಾಡಿ ಬೆಳಗಿನ ಚಹಾದ ಹೊತ್ತಿಗೆ ಬೆಂಕಿಪೊಟ್ಟಣ ಹುಡುಕುವವರು ನಮ್ಮಲ್ಲಿ ಕಡಿಮೆಯಿಲ್ಲ.

ಬಿಡಲು ಸಾಧ್ಯವೇ ಎಂಬ ಸಂಶಯವುಳ್ಳವರು ನಮ್ಮ ಜಾಲಿ, ಭಟ್ಕಳದ ಕಡೆಯೇ ನೋಡಬಹುದು. ರಮಜಾನ್ ಉಪವಾಸದಲ್ಲಿ ಹಗಲಿಡೀ ಬೀಡಿ ಮುಟ್ಟದವರಿದ್ದಾರೆ. ಶಬರಿಮಲೆಗೆ ಮಾಲೆ ಹಾಕಿ 41 ದಿನ ದೂರವಿರುವವರಿದ್ದಾರೆ. ನಿಕೋಟಿನ್ ಬಿಟ್ಟಾಗಿನ ಸಿಡುಕು, ನಿದ್ರೆಗೇಡು, ಚಡಪಡಿಕೆ ಮೊದಲ ಮೂರು ದಿನ ಜೋರಾಗಿದ್ದು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತವೆ. ಹಾಗಾದರೆ 41 ದಿನ ಕಳೆದವನು ಮಾಲೆ ತೆಗೆದ ಮೇಲೆ ಮತ್ತೆ ಸೇದುವುದೇಕೆ? ಆತ ವ್ರತಕ್ಕೆ ಸಿದ್ಧನಾಗಿದ್ದ. ವ್ರತ ಮುಗಿದ ಮರುದಿನಕ್ಕೆ ಸಿದ್ಧನಾಗಿರಲಿಲ್ಲ.

ಆದ್ದರಿಂದ ಮೊದಲು ಒಂದು ದಿನ ಗೊತ್ತುಮಾಡಿರಿ. ಎರಡು ವಾರದೊಳಗಿನ ದಿನವಾದರೆ ಉತ್ತಮ. ಕೊನೆಕೊಯ್ಲಿನ ಗಡಿಬಿಡಿ, ಮದುವೆಮನೆಯ ಓಡಾಟ ಇರುವ ದಿನ ಬೇಡ. ಅಲ್ಲಿಯವರೆಗೆ ಯಾವ ಹೊತ್ತಿಗೆ, ಯಾರ ಜೊತೆ, ಯಾತಕ್ಕೆ ಸೇದಿದಿರೆಂದು ಒಂದು ಚೀಟಿಯಲ್ಲಿ ಬರೆದಿಡಿ. ಚಹಾದ ಜೊತೆಯದೋ, ಊಟವಾದ ಮೇಲಿನದೋ, ಗೂಡಂಗಡಿಯ ಮುಂದೆ ಸ್ನೇಹಿತರು ಕೊಟ್ಟದ್ದೋ ತಿಳಿಯುತ್ತದೆ. ಆ ಒಂದೊಂದು ಹೊತ್ತಿಗೂ ಬೇರೆ ಕೆಲಸ ಯೋಚಿಸಿಡಿ. ಸೇದುವ ಆಸೆ ಒಮ್ಮೆ ಬಂದರೆ ಕೆಲವೇ ನಿಮಿಷ ನಿಲ್ಲುತ್ತದೆ. ಒಂದು ಲೋಟ ನೀರು, ತೋಟಕ್ಕೊಂದು ಸುತ್ತು, ಇಷ್ಟರಲ್ಲಿ ಅದು ದಾಟಿಹೋಗುತ್ತದೆ.

ಮನೆಯವರಿಗೂ ಜೊತೆಗಾರರಿಗೂ ದಿನವನ್ನು ತಿಳಿಸಿ, ತಮಗೆ ಕೊಡಬೇಡಿರೆಂದು ಹೇಳಿ. ಹಿಂದಿನ ರಾತ್ರಿಯೇ ಕಟ್ಟು, ಬೆಂಕಿಪೊಟ್ಟಣ ಎಲ್ಲವನ್ನೂ ಮನೆಯಿಂದ ಹೊರಹಾಕಿ.

ಇಲ್ಲೊಂದು ಮಾತು ಹೇಳದೆ ವಿಧಿಯಿಲ್ಲ. ಬೀಡಿಯ ಬದಲು ಕವಳಕ್ಕೆ ಹೊಗೆಸೊಪ್ಪು ಸೇರಿಸಿ ಹಾಕುವುದು ಬಿಟ್ಟಂತಲ್ಲ. ಅದು ಬಾಯಿಯ ಕ್ಯಾನ್ಸರಿಗೆ ಕಾರಣ. ಹೊಗೆಸೊಪ್ಪಿಲ್ಲದ ಕವಳವನ್ನೂ, ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆಯಿಂದಲೇ ಅನ್ನ ಉಣ್ಣುವ ನಮಗೆ ಇದು ಕಹಿ. ಬೆಳೆಗಾರರ ಆಕ್ಷೇಪ ಏನೇ ಇರಲಿ, ಆರೋಗ್ಯದ ವಿಚಾರ ಬಂದಾಗ ಸದಸ್ಯರಿಂದ ಅದನ್ನು ಮುಚ್ಚಿಡುವುದು ಸಹಕಾರವೆನಿಸದು. ಬಾಯಿಗೆ ಏನಾದರೂ ಬೇಕೆನಿಸಿದರೆ ಏಲಕ್ಕಿ, ಲವಂಗ, ಜೀರಿಗೆ ಸಾಕು.

ದಿನಕ್ಕೆ ಕಟ್ಟುಗಟ್ಟಲೆ ಸೇದುವವರೂ, ಹೃದ್ರೋಗವಿರುವವರೂ ವೈದ್ಯರನ್ನು ಕಂಡರೆ ನಿಕೋಟಿನ್ ಗಮ್ ಮುಂತಾದ ಔಷಧಗಳ ವಿಚಾರ ತಿಳಿಸುತ್ತಾರೆ. ಸರಕಾರದ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356. ಕರೆಗೆ ಖರ್ಚಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಬಿಟ್ಟ ಒಂದೆರಡು ದಿನದಲ್ಲೇ ರಕ್ತದಲ್ಲಿನ ಇಂಗಾಲದ ವಿಷಾನಿಲ ಇಳಿಯುತ್ತದೆ. ಒಂದು ವರ್ಷಕ್ಕೆ, ಧೂಮಪಾನದಿಂದ ಹೆಚ್ಚಿದ್ದ ಹೃದಯಾಘಾತದ ಅಪಾಯ ಸುಮಾರು ಅರ್ಧಕ್ಕೆ ಬರುತ್ತದೆ.

ನಡುವೆ ಒಮ್ಮೆ ಸೇದಿದರೂ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಡಿ. ಒಂದು ಸಸಿ ಸತ್ತಿತೆಂದು ತೋಟ ಬಿಟ್ಟವರಿಲ್ಲ. ಅದೇ ಗುಂಡಿಯಲ್ಲಿ ಇನ್ನೊಂದನ್ನು ನೆಡುತ್ತೇವೆ. ಈ ವಾರವೇ ಕ್ಯಾಲೆಂಡರಿನಲ್ಲಿ ತಮ್ಮ ದಿನಕ್ಕೊಂದು ಗುರುತು ಹಾಕಿರೆಂದು ಸದಸ್ಯರಲ್ಲಿ ನಮ್ಮ ವಿನಂತಿ.